ರಿವೈಂಡ್ ಮೇಡಂ

ಮಾರ್ಚ್ 3, ಸೋಮವಾರ. ಸಂಜೆ

ಇವರು ರಿಮೋಟ್ ಹಿಡಿದು ಕೂತಿದ್ದಾರೆ. ಮುಕ್ಕಾಲು ಗಂಟೆಯಿಂದ ಮೇಲೆ ಕೆಳಗೆ, ಮೇಲೆ ಕೆಳಗೆ. ಒಂದು ಸಿನಿಮಾನೂ ಹಾಕಿಲ್ಲ.

"ಸಾವಿರ ಸಿನಿಮಾ ಇದೆ, ಇದು ತಗೊಳ್ಳಿ ಚೆನ್ನಾಗಿದೆ ಅನ್ನೋರು ಒಬ್ಬರಿಲ್ಲ ನೋಡು."

ದಿನಾ ಇದೇ ಪುರಾಣ. ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ನಮ್ಮ ವಿಡಿಯೋ ಅಂಗಡಿ ಮುಚ್ಚಿ ಇಷ್ಟು ವರ್ಷವಾದರೂ ಈ ಮನುಷ್ಯ ಕೌಂಟರಿನಿಂದ ಎದ್ದು ಬಂದಿಲ್ಲ.

ಮಗಳ ಕಾಫಿ ಅಂಗಡಿಯಲ್ಲಿ ಹೊಸ ಹುಚ್ಚು. ಗೋಡೆ ತುಂಬ ನಮ್ಮ ಹಳೆಯ ಕ್ಯಾಸೆಟ್ ಜೋಡಿಸಿದ್ದಾಳೆ. ಜನ ಡಬ್ಬಿ ತೆರೆದು ಮೂಸಿ "ಅಯ್ಯೋ, ಅದೇ ವಾಸನೆ!" ಅನ್ನುತ್ತಾರಂತೆ, ಫೋಟೋ ತೆಗೆಸಿಕೊಳ್ಳುತ್ತಾರಂತೆ. ಇನ್ನು ಭಾನುವಾರ ಭಾನುವಾರ ಅಪ್ಪ ಹೋಗಿ ಅಲ್ಲಿ ಕೂರಬೇಕಂತೆ. ಅಪ್ಪ ಮಾತ್ರ. ಅಮ್ಮನಿಗೆ ಕರೆ ಇಲ್ಲ. ಹಿಂದಿನ ಕೋಣೆಯಲ್ಲಿ ಕೂತು ಊರವರು ನೋಡಿ ತಂದ ಕ್ಯಾಸೆಟ್ಟೆಲ್ಲ ಮತ್ತೆ ಮೊದಲಿಗೆ ಸುತ್ತಿ ರಿವೈಂಡ್ ಮಾಡಿದವಳು ಯಾರ ನೆನಪಿಗೂ ಬರುವುದಿಲ್ಲ ಬಿಡು.

ಮಾರ್ಚ್ 9, ಭಾನುವಾರ

ಬಂದರು. ಮುಖ ಮೊರದಗಲ.

"ಯಾರು ಬಂದಿದ್ರು ಹೇಳು ನೋಡೋಣ?"

ಹೇಳಬೇಕಾಗಿರಲಿಲ್ಲ. ರಿವೈಂಡ್ ಮೇಡಂ. ಆ ಹೆಸರು ನಾನೇ ಇಟ್ಟಿದ್ದು. ಶನಿವಾರ ತಪ್ಪದೆ ಬಂದು, ಕೌಂಟರಿಗೆ ಮೊಣಕೈ ಊರಿ ನಿಂತು, ಒಂದು ಕ್ಯಾಸೆಟ್ ಒಯ್ಯುತ್ತಿದ್ದವಳು. ಅವಳು ಅತ್ತ ಹೋದರೆ ಇವರ ಹೊಗಳಿಕೆ ಇತ್ತ ಶುರು. "ಇಡೀ ಊರಲ್ಲಿ ರಿವೈಂಡ್ ಮಾಡಿ ತಂದುಕೊಡೋರು ಅವರೊಬ್ಬರೇ. ಅದಪ್ಪಾ ಶಿಸ್ತು ಅಂದ್ರೆ!" ಹೇಳುತ್ತಿದ್ದದ್ದು ಯಾರಿಗೆ? ರಿವೈಂಡ್ ಮಾಡಿ ಮಾಡಿ ಬೆರಳು ಮರಗಟ್ಟಿದ ನನಗೆ! ಅವಳಿಗೆ ಅಂತ ಹುಡುಕಿ ಎತ್ತಿಡುತ್ತಿದ್ದರು. ನನಗೆ ಒಂದು ದಿನ "ಇದು ನೋಡು, ನಿನಗೆ ಹಿಡಿಸುತ್ತೆ" ಅಂದವರಲ್ಲ. ನನ್ನ ಪಾಲಿಗೆ ಟೇಪು ಸುಕ್ಕಾಗಿ ಬಂದ ಕ್ಯಾಸೆಟ್ಟುಗಳು.

"ಕೂದಲು ಪೂರ್ತಿ ಬೆಳ್ಳಗಾಗಿದೆ ಕಣೇ, ಆದ್ರೂ ಎಷ್ಟು ಚೆನ್ನಾಗಿ ಕಾಣ್ತಾರೆ!"

ನನ್ನ ಕೂದಲೂ ಬೆಳ್ಳಗಾಗಿದೆ. ಕಣ್ಣಿಗೆ ಬಿದ್ದಿಲ್ಲವೇನೋ.

ಹೊಟ್ಟೆ ಉರಿಯುತ್ತಿದೆ. ಹೌದು, ಉರಿಯುತ್ತಿದೆ. ಇಲ್ಲಿ ಬರೆದುಕೊಳ್ಳುವುದಕ್ಕೂ ಯಾರದ್ದಾದರೂ ಅಪ್ಪಣೆ ಬೇಕೇ?

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಕರೆಯದಿದ್ದರೂ ಹೋದೆ. ಅವಳು ಇದ್ದಳು. ಇವರು ಯಾರೋ ಗಿರಾಕಿಗಳ ಜೊತೆ ಫೋಟೋಗೆ ನಿಂತಾಗ ನನ್ನ ಪಕ್ಕಕ್ಕೇ ಬಂದು ಕೂತಳು. ಏನಾದರೂ ಮಾತಾಡಬೇಕಲ್ಲ ಅಂತ ಕೇಳಿದೆ.

"ನಿಮ್ಮನೇಲಿ ಪ್ಲೇಯರ್ ಯಾವುದಿತ್ತು ಮೇಡಂ? ಕ್ಯಾಸೆಟ್ಟು ಅಷ್ಟು ನೀಟಾಗಿ ವಾಪಸ್ ಬರ್ತಿತ್ತು!"

ನಕ್ಕಳು. "ಪ್ಲೇಯರ್ ಎಲ್ಲಿತ್ತು? ನಮ್ಮನೆಯವರಿಗೆ ಸದ್ದು ಅಂದ್ರೆ ಆಗ್ತಿರಲಿಲ್ಲ. ಕೊಳ್ಳಲೇ ಇಲ್ಲ."

"ಮತ್ತೆ ಕ್ಯಾಸೆಟ್ಟು?"

"ಹೇಗೆ ಒಯ್ತಿದ್ನೋ ಹಾಗೇ ತಂದುಕೊಡ್ತಿದ್ದೆ. ನಿಮ್ಮ ಯಜಮಾನ್ರು ನಿಂತ್ಕೊಂಡೇ ಇಡೀ ಕಥೆ ಹೇಳೋರಲ್ಲ... ಅದನ್ನ ಕೇಳೋಕೆ ಬರ್ತಿದ್ದೆ. ಕೇಳಿಸ್ಕೊಂಡು ಬರಿಗೈಲಿ ಹೋದ್ರೆ ಏನು ಚಂದ? ಅದಕ್ಕೇ ಒಂದು ಕ್ಯಾಸೆಟ್ಟು."

ಹಾಕಿದ್ದರೆ ತಾನೇ ರಿವೈಂಡ್ ಮಾಡುವುದು! ಅಷ್ಟು ವರ್ಷ ಅದೇ ಕೆಲಸ ಮಾಡಿದ ನನಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ. ದಡ್ಡ ಶಿಖಾಮಣಿಗಳು, ಇಬ್ಬರೂ.

ಆದರೆ ಕಥೆ... ಇಡೀ ಕಥೆ! ನನ್ನ ಹತ್ತಿರ ಬಂದರೆ "ಗಂಟಲು ಕಟ್ಟಿದೆ, ಬಿಸಿನೀರು ಕೊಡು." ಕೊಟ್ಟೆನಲ್ಲ, ಕೊಟ್ಟೆನಲ್ಲ ಪ್ರತಿ ಶನಿವಾರ.

ಅದೇ ದಿನ. ಸಂಜೆ

ಹೇಳಿಬಿಟ್ಟೆ. ಅರ್ಧ ಮಾತ್ರ.

"ನಿಮ್ಮ ಶಿಸ್ತಿನ ಮೇಡಂ ನೀವು ಕೊಟ್ಟ ಒಂದು ಸಿನಿಮಾನೂ ನೋಡಿಲ್ಲ. ಮನೇಲಿ ಪ್ಲೇಯರ್ರೇ ಇರಲಿಲ್ಲವಂತೆ."

"ಒಂದೂ ನೋಡಿಲ್ವಾ?"

"ಒಂದೂ ಇಲ್ಲ."

"ಮತ್ಯಾಕೆ ಬರ್ತಿದ್ರು?"

"ನನಗೇನು ಗೊತ್ತು?"

ಕಥೆಯ ವಿಷಯ ನುಂಗಿಕೊಂಡೆ. ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರ್ಚ್ 20

ನಾಲ್ಕು ದಿನವಾಯಿತು, ರಿಮೋಟ್ ಮುಟ್ಟಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ನಾನು ಆರಿಸಿಕೊಟ್ಟಿದ್ದನ್ನ ಯಾರೂ ನೋಡೇ ಇಲ್ಲವೇನೋ" ಅಂದರು. ಊಟ ಅರ್ಧಕ್ಕೇ ಬಿಟ್ಟು ಎದ್ದರು.

ನನ್ನ ಸಂತೋಷವೂ ಮುಗಿದಿದೆ. ಹೇಳಿಬಿಡಲೇ? ಹೇಳಿದರೆ ಮುಖ ಅರಳುತ್ತದೆ. ಅರಳುವುದು ಅವಳಿಗಾಗಿ. ಊಹೂಂ. ನನ್ನ ಕೈಲಾಗದು.

ಮಾರ್ಚ್ 23, ಭಾನುವಾರ. 4.30

ಇವರು ಹೊರಡಲಿಲ್ಲ. ಮಾಸಿದ ಬನಿಯನ್ನಿನಲ್ಲೇ ಸೋಫಾದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮಗಳ ಫೋನು.

"ಅಪ್ಪ ಎಲ್ಲಮ್ಮಾ? ಆ ಮೇಡಂ ಆಗ್ಲೇ ಬಂದು ಕಾಯ್ತಿದಾರೆ."

"ತಲೆನೋವಂತೆ" ಅಂದೆ. ಫೋನಿಟ್ಟು ತಿರುಗಿದರೆ ಇವರು ನನ್ನನ್ನೇ ನೋಡುತ್ತಿದ್ದಾರೆ.

"ನಾನು ಹೋಗಿ ಏನು ಮಾತಾಡ್ಲಿ ಅವರ ಹತ್ರ? ನೋಡದೇ ಇರೋ ಸಿನಿಮಾದ್ದಾ?"

ಆ ದನಿ ಕೇಳಲಾಗಲಿಲ್ಲ.

"ಕಥೆ ಕೇಳೋಕೆ ಬರ್ತಿದ್ರಂತೆ ರೀ. ಸಿನಿಮಾಗಲ್ಲ, ನೀವು ಹೇಳೋ ಕಥೆಗೆ. ತೃಪ್ತಿ ಆಯ್ತಾ?"

ಎದ್ದು ಕೂತರು. ಮುಖ ಅರಳಿತು. ಎಷ್ಟು ಅರಳಬಹುದು ಅಂದುಕೊಂಡಿದ್ದೆನೋ ಅದಕ್ಕಿಂತ ಹೆಚ್ಚೇ.

"ನನಗೆ ಯಾಕೆ ಒಂದು ದಿನವೂ ಹೇಳಲಿಲ್ಲ?" ಕೇಳೇಬಿಟ್ಟೆ.

"ನಿನಗೇನು ಹೇಳೋದೇ? ಟೇಪು ಸರಿ ಇದೆಯಾ ಅಂತ ನೀನೇ ಟಿವಿಗೆ ಹಾಕ್ಕೊಂಡು ಹಿಂದಕ್ಕೆ ಓಡಿಸ್ತಿದ್ದೆಯಲ್ಲ. ನೀನು ಕೊನೆನೇ ಮೊದಲು ನೋಡಿರ್ತಿದ್ದೆ. ನಿನಗೆ ಎಲ್ಲಾ ಗೊತ್ತು ಅಂತ ನಾನು ಅಂದ್ಕೊಂಡಿದ್ದೆ."

"ಹಿಂದಕ್ಕೆ ಓಡೋದು ನೋಡಿದ್ರೆ ಏನು ಗೊತ್ತಾಗುತ್ತೆ? ಸತ್ತವರು ಎದ್ದು ಬಂದು ಊಟಕ್ಕೆ ಕೂರೋರು. ಯಾಕೆ ಸತ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ!"

ಇವರು ಎದ್ದು ಅಂಗಿ ಹಾಕಿಕೊಂಡರು. ಗುಂಡಿ ಹಾಕುತ್ತಾ, "ಬಾ. ದಾರೀಲಿ ಒಂದು ಹೇಳ್ತೀನಿ. ಅವರಿಗೆ ಹೇಳದೇ ಇರೋದು" ಅಂದರು.

"ಅಂಥದ್ದು ಉಳಿದಿದೆಯಾ?"

ಬೆರಳು ಮಡಚುತ್ತಾ ಲೆಕ್ಕ ಹಾಕಿದರು. ಆಮೇಲೆ, "ಒಂದಿದೆ."

ಈಗ ಗೇಟಿನ ಹತ್ತಿರ ನಿಂತು ಕೂಗುತ್ತಿದ್ದಾರೆ. ಕೂಗಲಿ. ಇವರೂ ಕಾಯಲಿ, ಆ ಮೇಡಮ್ಮೂ ಕಾಯಲಿ. ತಲೆ ಬಾಚಿಕೊಂಡೇ ಹೊರಡುವವಳು ನಾನು. ಇರುವುದು ಒಂದೇ ಒಂದು ಕಥೆ, ಮಗಳ ಅಂಗಡಿ ಎರಡೇ ಬೀದಿ ಆಚೆ. ಅಷ್ಟರಲ್ಲಿ ಮುಗಿದುಹೋದರೆ? ಸುತ್ತು ದಾರಿ ಹಿಡಿಸಬೇಕು. ಪೋಸ್ಟಾಫೀಸಿನ ಕಡೆಯಿಂದ ಇಳಿದು, ಅಲ್ಲಿಂದ ಶಾಲೆಯ ಹಿಂದೆ, ಆಮೇಲೆ—