ಎಂಜಲು ಹಾಡಿಗೆ ಇಬ್ಬರು ಸಾಕ್ಷಿ

ಹುಬ್ಬಳ್ಳಿ
ಉಳಿಕೆ ತಿಂಗಳ ಮೂವತ್ತೇಳನೇ ತಾರೀಖು, ೨೧೯೮

ಹಿಂದಿನವರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಆಮೇಲೆ ಓದುವುದೋ ಬಿಡುವುದೋ ನಿಮ್ಮ ಮರ್ಜಿ. ಒಂದು ಆಲ್ಬಮ್ಮನ್ನು ಇದ್ದ ಹಾಗೆಯೇ ಉಳಿಸಲು ಹೋಗಿ ಈವರೆಗೆ ಕೈಬಿಟ್ಟದ್ದು ಇಷ್ಟು: ನನ್ನ ಮೂರು ಕೇಳುಕೋಣೆಗಳಲ್ಲಿ ಎರಡು, ಗಣಪತಿ ಕಮಿಟಿಯಲ್ಲಿ ನನಗಿದ್ದ ಖುರ್ಚಿ, ತಂಗಿಯ ಮನೆಯ ಊಟದ ಕರೆ, ಓಣಿಯಲ್ಲಿ ಎದುರಾದವರ ನಮಸ್ಕಾರ, ಮತ್ತು ಒಬ್ಬ ಹೆಣ್ಣುಮಗಳ ನಿದ್ದೆ. ಕೊನೆಯದು ನನ್ನದಲ್ಲ, ಆದರೆ ಖರ್ಚಾದದ್ದು ನನ್ನ ಕಣ್ಣೆದುರಿಗೆ. ಆದ್ದರಿಂದ ನನ್ನ ಕಡೆಗೇ ಬರೆದುಕೊಂಡಿದ್ದೇನೆ.

ತಾರೀಖು ನೋಡಿ ಗಾಬರಿಯಾಗಬೇಡಿ. ಎಲ್ಲ ತಿಂಗಳನ್ನೂ ಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿದ್ದಾರೆ, ಅದೇ ಉಳಿಕೆ ತಿಂಗಳು. ಮುಗಿಯದ ಕೆಲಸವನ್ನೆಲ್ಲ ಜನ ಅದಕ್ಕೇ ದೂಡುತ್ತಾರೆ. ಅದು ಮುಗಿಯಲು ಇನ್ನು ನಾಲ್ಕೇ ದಿನ. ನನ್ನ ಮಾತಿನಲ್ಲಿ ನಿಮಗೆ ಅರ್ಥವಾಗದ ಪದ ಬಂದರೆ ಕ್ಷಮಿಸಿ, ಬಂದ ಕಡೆಯೇ ಬಿಡಿಸಿ ಹೇಳುತ್ತೇನೆ. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಅಕ್ಷರವನ್ನು ಮಾತ್ರ ಒಯ್ಯುತ್ತದೆ, ಸದ್ದನ್ನು ಒಯ್ಯುವುದಿಲ್ಲ. ಒಯ್ಯುವಂತಿದ್ದರೆ ಇಷ್ಟು ಬರೆಯುವ ಬದಲು ಆ ಆಲ್ಬಮ್ಮಿನ ಮೂರನೇ ಹಾಡೊಂದನ್ನು ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆ.

ನನ್ನ ಹೆಸರು ಈರಪ್ಪ ಉಳ್ಳಾಗಡ್ಡಿ. ಬಸ್ ಸ್ಟ್ಯಾಂಡಿನಲ್ಲಿ ಜನರ ಕಿವಿಗುಂಡಿ ಒರೆಸಿಕೊಡುತ್ತ ಶುರುಮಾಡಿದವನು. ಕಿವಿಗುಂಡಿ ಎಂದರೆ ಕಿವಿಯೊಳಗೆ ಇಟ್ಟುಕೊಂಡು ಹಾಡು ಕೇಳುವ ಬಟಾಣಿಯಷ್ಟು ಸಾಮಾನು. ಒರೆಸುತ್ತ ಒರೆಸುತ್ತ ಮಂದಿಗೆ ಏನು ಬೇಕೆಂದು ತಿಳಿಯಿತು: ಮನೆಯವರ ಗದ್ದಲವಿಲ್ಲದ ಒಂದು ತಾಸು. ಮೆತ್ತನೆ ಖುರ್ಚಿ ಹಾಕಿ, ಚಹಾ ಇಟ್ಟು, ಕೇಳುಕೋಣೆ ತೆರೆದೆ. ನಡೆಯಿತು, ಒಂದಿದ್ದದ್ದು ಮೂರಾಯಿತು.

ನಮ್ಮಲ್ಲಿ ಹಾಡು ಕಣಜದಿಂದ ಬರುತ್ತದೆ. ಲೋಕದ ಸದ್ದನ್ನೆಲ್ಲ ಒಂದೇ ಕಡೆ ಇಟ್ಟಿರುವ ಜಾಗ ಅದು. ಯಾರ ಮನೆಯಲ್ಲೂ ಹಾಡು ಕೂಡಿಟ್ಟುಕೊಳ್ಳುವ ಪೆಟ್ಟಿಗೆ ಇಲ್ಲ, ಇಟ್ಟುಕೊಳ್ಳಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಕಣಜದಿಂದ ಹೊರಟ ಹಾಡು ಕಿವಿಗೆ ಬೀಳುವ ಮುಂಚೆ ಒಗ್ಗರಣೆಯಾಗುತ್ತದೆ. ಮೊದಲು ಇದಕ್ಕೆ ‘ಒಗ್ಗಿಸುವಿಕೆ’ ಎಂಬ ಸರಕಾರಿ ಹೆಸರಿತ್ತಂತೆ, ಜನರ ಬಾಯಲ್ಲಿ ಒಗ್ಗರಣೆಯಾಯಿತು. ರಾತ್ರಿ ನಿದ್ದೆಗೆಟ್ಟವನಿಗೆ ಹಾಡು ನಿಧಾನವಾಗುತ್ತದೆ. ಢೋಲಕ್ಕು ಇಷ್ಟಪಡುವವಳಿಗೆ ಢೋಲಕ್ಕು ಸೇರುತ್ತದೆ. ಶ್ರುತಿ ತಪ್ಪಿದ್ದು ಸರಿಯಾಗುತ್ತದೆ, ಸುಮ್ಮನಿದ್ದ ಜಾಗ ತುಂಬುತ್ತದೆ. ಒಂದೇ ಹಾಡನ್ನು ಸಾವಿರ ಜನ ಕೇಳಿದರೆ ಸಾವಿರ ಹಾಡು. ಕೇಳಿ ಎದ್ದವರು ಪಕ್ಕದವರನ್ನು “ನಿಮ್ದೂ ಚಲೋ ಇತ್ತೇನ್ರಿ?” ಎನ್ನುವುದು ಮರ್ಯಾದೆ. “ಚಲೋ ಇತ್ರಿ” ಎನ್ನುವುದು ಉತ್ತರ. ಕೆಟ್ಟಿತ್ತು ಎಂದವರನ್ನು ನಾನು ಕಂಡಿಲ್ಲ. ತನ್ನ ನಾಲಿಗೆಗೆ ತಕ್ಕಂತೆ ಬಡಿಸಿದ್ದನ್ನು ಯಾರು ಬೈಯುತ್ತಾರೆ?

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹಾಡು ಅವರವರ ಎಲೆಗೇ ಬೀಳತೊಡಗಿದ ಮೇಲೆ, ಇನ್ನೊಬ್ಬರ ಕಿವಿಗೆ ಬಿದ್ದ ಹಾಡನ್ನು ಹಾಗೆಯೇ ಕೇಳುವುದು ಎಂಜಲು ಎಂದಾಯಿತು. ಯಾರು ಯಾವಾಗ ಹೇಳಿದರೋ ಗೊತ್ತಿಲ್ಲ, ಎಂಜಲಿನ ಲೆಕ್ಕಾಚಾರ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. “ಮಂದಿ ಕಿವ್ಯಾಂದು ಹಾಕ್ಕೋಬ್ಯಾಡ, ಕಿವಿ ಸೋರತದ” ಎಂದು ತಾಯಂದಿರು ಮಕ್ಕಳ ಕೈಗೆ ಹೊಡೆಯುತ್ತಾರೆ.

ಇಂಥ ಊರಿನಲ್ಲಿ ಜೈತುನ್‌ಬಿ ನದಾಫ ಎಂಬ ಹುಡುಗಿ ‘ನೀರು ಬರೋ ದಿನ’ ಎಂಬ ಆಲ್ಬಮ್ ಮಾಡಿದಳು. ನನ್ನ ಹಿಂದಿನ ಓಣಿಯವಳು. ಹುಬ್ಬಳ್ಳಿಯಲ್ಲಿ ಈಗಲೂ ನಲ್ಲಿಗೆ ದಿನಾ ನೀರು ಬರುವುದಿಲ್ಲ, ಈ ಒಂದು ವಿಷಯದಲ್ಲಿ ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ವ್ಯತ್ಯಾಸ ಕಾಣೆ. ನೀರಿಗೆ ಮುಂಚೆ ಗಾಳಿ ಬರುತ್ತದಲ್ಲ, ನಲ್ಲಿ ಕೆಮ್ಮುತ್ತದೆ, ಗುಟುರು ಹಾಕುತ್ತದೆ, ತಡೆಯುತ್ತದೆ. ಆ ಕೆಮ್ಮುಗಳನ್ನು ಹಿಡಿದು, ಎಲೆಕ್ಟ್ರಾನಿಕ್ ಯಂತ್ರದಲ್ಲಿ ಎಳೆದು, ಹಿಂಜಿ, ಅದರ ಮೇಲೆ ತೆಳ್ಳನೆ ದನಿಯಲ್ಲಿ ಎರಡೆರಡು ಸಾಲಿನ ಹಾಡು ಹಾಡಿದ್ದಾಳೆ. ಗುನುಗಬಹುದಾದ ಹಾಡುಗಳೇ, ಆದರೆ ಗುನುಗಲು ಬಾಯಿ ತೆರೆಯುವಷ್ಟರಲ್ಲಿ ನಲ್ಲಿ ನಡುವೆ ಕೆಮ್ಮುತ್ತದೆ. ಕಣಜದ ತಳದಲ್ಲಿ ನಿಮ್ಮ ಕಾಲದ ಇಂಥ ಆಲ್ಬಮ್ಮುಗಳ ಹೆಸರು ನೋಡಿ ಕಲಿತಳಂತೆ, ಇಂಡಿ ಪಾಪ್ ಎನ್ನುತ್ತಿದ್ದಿರಂತೆ. ಇಂಡಿ ಎಂದರೆ ವಿಜಯಪುರದ ಕಡೆಯ ನಿಂಬೆಹಣ್ಣಿನ ಊರು, ಅಲ್ಲಿಯವರ ಹಾಡು ಇರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಹುಳಿ ಇರುವುದು ಸಹಜ ಎಂದುಕೊಂಡಿದ್ದೆ.

ಆಲ್ಬಮ್ ಕಣಜಕ್ಕೆ ಹೋಯಿತು, ಒಗ್ಗರಣೆಯಾಗಿ ಜನರಿಗೆ ತಲುಪಿತು, ಎಲ್ಲರೂ ಹೊಗಳಿದರು. ನಿವೃತ್ತ ಹೆಡ್‌ಮಾಸ್ತರರಿಗೆ ಅದು ಭಜನೆಯಾಗಿ ಕೇಳಿತು, ಅವರ ಸೊಸೆಗೆ ಕುಣಿತದ ಹಾಡಾಗಿ. ಇಬ್ಬರೂ ಸೇರಿ ಜೈತುನ್‌ಬಿಗೆ ಸನ್ಮಾನ ಮಾಡಿದರು. ನಲ್ಲಿಯ ಕೆಮ್ಮು ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಅವಳು ಶಾಲು ಕೈಯಲ್ಲಿ ಹಿಡಿದೇ ನನ್ನ ಹತ್ತಿರ ಬಂದಳು. “ಕಾಕಾ, ಇವ್ರೆಲ್ಲಾ ಯಾರ ಹಾಡಿಗೆ ಶಾಲು ಹೊಚ್ಚಾಕತ್ತಾರ? ನಂದು ಯಾರೂ ಕೇಳೇ ಇಲ್ಲಲ್ರಿ.”

ಕಣಜದ ಕಾಯ್ದೆ ಹೀಗಿದೆ: ಒಗ್ಗರಣೆಯಿಲ್ಲದ ಹಸಿ ಆಲ್ಬಮ್ಮನ್ನು, ಮಾಡಿದವರನ್ನು ಬಿಟ್ಟು ಬೇರೆ ಇಬ್ಬರು ಪೂರ್ತಿ ಕೇಳಿ, ‘ನಾವಿಬ್ಬರೂ ಕೇಳಿದ್ದು ಒಂದೇ’ ಎಂದು ಸಾಕ್ಷಿ ಹೇಳಬೇಕು. ಹೇಳಿದರೆ ಅದು ಹಾಗೆಯೇ ಉಳಿಯುತ್ತದೆ. ಇಲ್ಲವಾದರೆ ಉಳಿಕೆ ತಿಂಗಳ ಕೊನೆಗೆ ಹಸಿಯದನ್ನು ಕರಗಿಸುತ್ತಾರೆ. ಭಜನೆ ಉಳಿಯುತ್ತದೆ, ಕುಣಿತ ಉಳಿಯುತ್ತದೆ, ನಲ್ಲಿ ಹೋಗುತ್ತದೆ.

ಮೊದಲ ಸಾಕ್ಷಿ ನಾನಾದೆ. ಸಾಕ್ಷಿಗೆಂದು ಕೇಳಿದರೆ ಕಣಜ ಹಸಿಯದನ್ನೇ ಕಳಿಸುತ್ತದೆ. ಹೊಸ ಸರಕು, ಕೋಣೆಗೆ ಗಿರಾಕಿ ಬಂದಾರು ಎಂಬ ಆಸೆಯೂ ಇತ್ತು, ಸುಳ್ಳೇಕೆ. ಮೊದಲ ಹಾಡಿಗೆ ಕಿವಿಗುಂಡಿ ಕೆಟ್ಟಿದೆ ಎಂದು ಎರಡು ಸಲ ತೆಗೆದು ಒರೆಸಿದೆ. ಎರಡನೆಯದಕ್ಕೆ ಸಿಟ್ಟು ಬಂತು. ಮೂರನೆಯದರಲ್ಲಿ ನಲ್ಲಿ ಉಸಿರು ಎಳೆದು ನಿಲ್ಲುತ್ತದೆ, ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಆ ಹುಡುಗಿ “ಬಂತಾ?” ಎಂದು ಅರ್ಧ ದನಿಯಲ್ಲಿ ಕೇಳುತ್ತಾಳೆ. ಬರುವುದಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ, ನನಗೋಸ್ಕರ ಅಲ್ಲದ ಒಂದು ಸದ್ದು ಕೇಳಿದೆ.

ಎರಡನೇ ಸಾಕ್ಷಿಗೆಂದು ಗಿರಾಕಿಗಳನ್ನು ಕರೆದೆ. ಗುಂಡಿ ತೆಗೆಸಿ, ಕೋಣೆಯ ನಡುವೆ ಗೋಡೆಯ ದನಿಪೆಟ್ಟಿಗೆಯಲ್ಲಿ ಹಾಕಿದೆ. ಮೊದಲ ಹಾಡು ಮುಗಿದದ್ದೇ ರೂಢಿಯಂತೆ ಒಬ್ಬರು “ನಿಮ್ದೂ ಚಲೋ ಇತ್ತೇನ್ರಿ?” ಎಂದರು. ಪಕ್ಕದವರು “ಇಲ್ರಿ, ನಂದ್ಯಾಕೋ ನಲ್ಲಿ ಕೆಮ್ಮಿದಂಗಿತ್ತು” ಎಂದರು. “ಅಯ್ಯ, ನಂದೂ ಕೆಮ್ಮಿತು.” “ನಂದೂ!” ಆಮೇಲೆ ಬಂತು ನೋಡಿ: “ಏ ಉಳ್ಳಾಗಡ್ಡಿ, ಎಲ್ಲಾರಿಗೂ ಒಂದ ತಾಟಿನಾಗ ಉಣಿಸೀಯೇನಲೇ!” ಕಿವಿ ತೊಳೆಯಲು ಎಲ್ಲರೂ ಅಂಗಳದ ನಲ್ಲಿಗೆ ಓಡಿದರು. ನಲ್ಲಿ ಕೆಮ್ಮಿತು, ನೀರು ಬರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೇ ಊರು ನನ್ನನ್ನು ದೂರ ಇಟ್ಟಿತು, ಗಿರಾಕಿಯಿಲ್ಲದೆ ಎರಡು ಕೋಣೆ ಹೋದವು.

ಕೊನೆಗೆ ಒಪ್ಪಿದವಳು ಎದುರಿನ ಖಾನಾವಳಿಯ ಕಮಲಾಕ್ಷಿ ಪತ್ತಾರ. ನನ್ನನ್ನು ಕಂಡಾಗಲೆಲ್ಲ “ಏನ್ ಉಳ್ಳಾಗಡ್ಡಿಯವರ, ಇವತ್ತ ಯಾರ ಕಿವಿ ಕೆಡಿಸಿದ್ರಿ?” ಎಂದು ಕೆಣಕುವ ಹೆಂಗಸು. ನಾನು ಅಂಜುತ್ತ ಕೇಳಿದರೆ ಕೈ ಚಾಚಿ ತೋರಿಸಿದಳು. “ಊರ ಮಂದಿ ಎಂಜಲ ತೊಳದ ಕೈ ಇದು. ಹಾಡಿನ ಎಂಜಲಕ್ಕ ಹೆದರತೀನೇನು? ಹಾಕ್ರಿ.” ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಕದ ಹಾಕಿಕೊಂಡು ಇಬ್ಬರೂ ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಮೂರನೇ ಹಾಡಿಗೆ ನನ್ನ ಕಣ್ಣು ತುಂಬಿದವು. ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. “ಯಾರೋ ಬಾಂಡೆ ಸಾಮಾನ ಕೆಡವಿ, ಅತ್ತಿ ಬಂದ್ಲೇನು ಅಂತ ನೋಡಾಕತ್ತಾರ! ಆ ಹುಡುಗಿಗೆ ನೆಗಡಿ ಬ್ಯಾರೆ ಆಗೇದ.” ನಾನು ಜಗಳಕ್ಕೆ ಬಿದ್ದೆ, ಅವಳು ಬಿಡಲಿಲ್ಲ. ಸಂಜೆ ಗಿರಾಕಿ ಕದ ಬಡಿಯುವವರೆಗೂ ಜಗಳವಾಡಿದೆವು. ಅಷ್ಟು ಸಂತೋಷದ ಜಗಳ ನನಗೆ ನೆನಪಿಲ್ಲ. ಜೈತುನ್‌ಬಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ: “ಕೆಮ್ಮು ಕೇಳಿಸ್ತೇನ್ರಿ ಅವ್ರಿಗೆ?” ಕೇಳಿಸಿತು ಎಂದೆ. ಅಂದು ಅವಳು ನಿದ್ದೆ ಮಾಡಿದಳು.

ಕಣಜದ ಸಾಹೇಬರು ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ, ಮೂರನೇ ಹಾಡಿನಲ್ಲಿ ಏನಿದೆ ಎಂದು ಕೇಳಿದರು. ‘ಕಾಯುವ ಹೆಂಗಸು’ ಎಂದೆ ನಾನು. ‘ಬಾಂಡೆ’ ಎಂದಳು ಅವಳು. ಸಾಹೇಬರು ಒಳ್ಳೆಯ ಮನುಷ್ಯ, ಬೇಸರದಿಂದಲೇ ಹೇಳಿದರು. “ಒಬ್ರು ಅತ್ತೀರಿ, ಒಬ್ರು ನಕ್ಕೀರಿ. ಒಂದ ಹಾಡಿಗೆ ಹಂಗ ಹೆಂಗ ಆಗತದ್ರಿ? ನೀವು ಕೇಳಿದ್ದು ಬ್ಯಾರೆ ಬ್ಯಾರೆ.”

“ಸಾಹೇಬ್ರ, ಒಂದ ಸಾರು ಒಬ್ಬಗ ಖಾರ, ಒಬ್ಬಗ ಸಪ್ಪೆ,” ಎಂದಳು ಕಮಲಾಕ್ಷಿ.

“ಸಾರಿನ ಮಾತ ಬ್ಯಾರೆ, ಬಾಯಾರ. ಸಾರನ್ನ ಯಾರೂ ಕಣಜದಾಗ ಇಡೂದಿಲ್ಲ.”

ಅವರ ತಪ್ಪಲ್ಲ. ಒಂದೇ ಹಾಡು ಇಬ್ಬರಿಗೆ ಎರಡಾಗಿ ತಟ್ಟಬಹುದು, ಆದರೂ ಅದು ಒಂದೇ ಹಾಡು ಎಂಬ ತಿಳಿವಳಿಕೆಯೇ ನಮ್ಮಲ್ಲಿ ಉಳಿದಿಲ್ಲ. ನಮ್ಮಲ್ಲಿ ಮಂದಿ ಬೇರೆಯಾದರೆ ಹಾಡೇ ಬೇರೆ. ಅವರು ಒಂದು ದಾರಿ ಬಿಟ್ಟಿದ್ದಾರೆ: ಹಿಂದೆ ಹೀಗೆ ನಡೆಯುತ್ತಿತ್ತು ಎಂಬುದಕ್ಕೆ ಆ ಕಾಲದವರದೇ ಬರಹ ತಂದರೆ ನಮ್ಮ ಸಾಕ್ಷಿ ನಿಲ್ಲುತ್ತದೆ.

ತಿಂಗಳಿಡೀ ಹುಡುಕಿದೆ. ನಿಮ್ಮ ಕಾಲದ ಆಲ್ಬಮ್ಮುಗಳ ಕೆಳಗೆ ನೀವು ಬಿಟ್ಟುಹೋದದ್ದು ಏನು ಗೊತ್ತೆ? ನಕ್ಷತ್ರ. ಹೆಬ್ಬೆರಳು. ಹೃದಯ. ಬೆಂಕಿಯ ಚಿತ್ರ. ‘ಮೊದಲ ಕಾಮೆಂಟ್ ನಂದೇ’. ‘ಅದ್ಭುತ’. ‘ಇದೇನ್ ಹಾಡೋ ಮಿಕ್ಸರೋ’. ಯಾರ ಜೊತೆ ಕೇಳಿದಿರಿ, ಯಾವ ಜಾಗಕ್ಕೆ ಸಿಟ್ಟು ಬಂತು, ಪಕ್ಕದವನು ಅದೇ ಜಾಗಕ್ಕೆ ಏನೆಂದ, ಒಂದಕ್ಷರ ಇಲ್ಲ. ಒಂದೇ ತಂತಿಯ ಎರಡು ತುದಿಯನ್ನು ಇಬ್ಬರು ಗೆಳತಿಯರು ಒಂದೊಂದು ಕಿವಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿರುವ ಚಿತ್ರವೊಂದು ಸಿಕ್ಕಿತು. ಒಯ್ದು ಸಾಹೇಬರಿಗೆ ತೋರಿಸಿದೆ. ಚಿತ್ರದಲ್ಲಿ ಸದ್ದು ಕಾಣುವುದಿಲ್ಲ ಎಂದರು.

ಆದ್ದರಿಂದ ಕಾಲು ಹಿಡಿದು ಕೇಳುತ್ತೇನೆ. ನಿಮಗೆ ಹಿಡಿಸದ, ಅರ್ಥವಾಗದ, ಕೆಟ್ಟಿದೆಯೇನೋ ಅನ್ನಿಸುವ ಒಂದು ಆಲ್ಬಮ್ ಹುಡುಕಿ. ಇನ್ನೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ಮೂರನೇ ಹಾಡಿಗೆ ಎದ್ದುಹೋಗಬೇಡಿ, ಪೂರ್ತಿ ಕೇಳಿ. ಆಮೇಲೆ ಜಗಳವಾಡಿ. ಆ ಜಗಳವನ್ನು ಬರೆದಿಡಿ: ಅವನು ಹೀಗೆಂದ, ನಾನು ಹಾಗೆಂದೆ, ಇಬ್ಬರೂ ಕೇಳಿದ್ದು ಒಂದೇ. ಕಾಗದದ ಮೇಲಾಗಲಿ, ಖಾನಾವಳಿಯ ಗೋಡೆಯ ಮೇಲಾಗಲಿ, ಅಳಿಸದ ಕಡೆ ಬರೆಯಿರಿ.

ಇದರಲ್ಲಿ ಒಂದು ತೊಡಕಿದೆ, ನನಗೂ ಗೊತ್ತು. ನೀವು ಬರೆದಿದ್ದರೆ ಅದು ಈಗಾಗಲೇ ಇಲ್ಲಿ ಇರಬೇಕಿತ್ತು. ಹುಡುಕಿದೆ, ಇಲ್ಲ. ಈ ಪತ್ರ ಮುಗಿಸಿ ಮತ್ತೆ ಹೋಗಿ ಹುಡುಕುತ್ತೇನೆ. ಬೇರೇನು ಮಾಡಲಿ? ಹಿಂದಿನ ಓಣಿಯಲ್ಲಿ ಜೈತುನ್‌ಬಿ ನಿದ್ದೆ ಬಿಟ್ಟು ತನ್ನ ಆಲ್ಬಮ್ಮನ್ನೇ ಬಾಯಿಪಾಠ ಮಾಡುತ್ತಿದ್ದಾಳೆ. ಹಾಡು ಬಾಯಿಪಾಠವಾಯಿತು. ನಲ್ಲಿಯ ಕೆಮ್ಮು ಬಾಯಿಗೆ ಬರುತ್ತಿಲ್ಲ. ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿದೆ.

ಇಲ್ಲಿಯವರೆಗೆ ಯಾರಿಗೆ ಏನು ಸಿಕ್ಕಿತು ಎಂದರೆ: ಊರಿನವರಿಗೆ ತಲೆಗೊಂದು ಒಳ್ಳೆಯ ಹಾಡು. ಕಣಜಕ್ಕೆ, ಇನ್ನು ನಾಲ್ಕು ದಿನ ಕಳೆದರೆ, ಒಂದಿಷ್ಟು ಖಾಲಿ ಜಾಗ. ಕಮಲಾಕ್ಷಿಗೆ, ಎಂಜಲು ಹಾಡು ಕೇಳಿದವಳನ್ನು ನೋಡಲೆಂದೇ ಬರುವ ಹೊಸ ಗಿರಾಕಿಗಳು. ನನಗೆ, ದಿನಾ ಮಧ್ಯಾಹ್ನ ಜಗಳಕ್ಕೊಬ್ಬ ಜೊತೆಗಾತಿ. ಜೈತುನ್‌ಬಿಗೆ ಇಬ್ಬರು ಕೇಳುಗರು, ಅವರಲ್ಲಿ ಒಬ್ಬಳಿಗೆ ಹಾಡು ಹಿಡಿಸಲಿಲ್ಲ.

ಈರಪ್ಪ ಉಳ್ಳಾಗಡ್ಡಿ