ಮಾವನ ಗೊರಕೆ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅದೇ ಕಥೆ. ಹಾಲು ಒಲೆಯ ಮೇಲಿಟ್ಟು ಹೋಗಿ ನೋಡಿದರೆ ಮಾವನ ಉಸಿರಿನ ಮಾಸ್ಕ್ ಗೂಟದಲ್ಲಿ. ಮೆಷಿನ್ ಆಫ್. ಮಾವ ಬಾಯಿ ತೆರೆದು ಗೊರಕೆ. ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದೆ, ಹೀಗೇ ಬಿಟ್ಟರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರ್ ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ. ಈ ಮನುಷ್ಯನಿಗೆ ಲೆಕ್ಕವೇ ಇಲ್ಲ.

"ಯಾಕೆ ಮಾವ ತೆಗೆದ್ರಿ?"

"ಆನೆ ಸೊಂಡಿಲು ಕಟ್ಕೊಂಡು ಯಾರಮ್ಮ ಮಲಗ್ತಾರೆ."

ಅತ್ತೆ ತಲೆ ಎತ್ತದೆ ಹೊದಿಕೆ ಮಡಚುತ್ತಿದ್ದರು. ನನ್ನ ಗಂಡನಂತೂ ಅಪ್ಪನೆದುರು ಬಾಯಿ ಬಿಡುವುದಿಲ್ಲ. ನಿಷ್ಠುರವೆಲ್ಲ ನನ್ನ ತಲೆಗೇ.

ಮಾರ್ಚ್ 5

ಅಂಗಡಿಯಿಂದ ಮೂಗಿನ ಪ್ಯಾಡ್ ತಂದೆ. ಇಷ್ಟು ವರ್ಷದಿಂದ ಊರವರ ಮೂಗಿಗೆ ಕನ್ನಡಕ ಕೂರಿಸುವವಳು, ಒಂದು ಮಾಸ್ಕ್ ಕೂರಿಸಲಾರೆನೇ? ಪಟ್ಟಿ ಸಡಿಲಿಸಿದೆ. ಕಿವಿಯ ಹಿಂದೆ ಹತ್ತಿ. ಒತ್ತುತ್ತಾ? ಇಲ್ಲ. ಗಾಳಿ ಸೋರುತ್ತಾ? ಇಲ್ಲಮ್ಮ. ಹಾಗಾದರೆ ಇನ್ನೇನು ರೋಗ...

ಮಾರ್ಚ್ 6

ಗೂಟದಲ್ಲಿ. ರೇಗಿಹೋಯಿತು. "ನೀವು ಸತ್ರೆ ನಂಗೇನು" ಅಂದುಬಿಟ್ಟೆ. ಮಾವ ಸುಮ್ಮನೆ ತಲೆಯಾಡಿಸಿದರು. ಅಂಗಡಿಯಲ್ಲಿ ಒಂದು ಲೆನ್ಸ್ ಒಡೆದೆ.

ಮಾರ್ಚ್ 14

ಒಂದು ವಾರ ಮಾವನ ಜೊತೆ ಮಾತು ಬಿಟ್ಟಿದ್ದೆ. ಇವತ್ತು ಕಣ್ಣಿಗೆ ಬಿತ್ತು — ಮಾಸ್ಕಿನ ಕೊಳವೆಯನ್ನು ಚೆಂದಕ್ಕೆ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಮೇಲೊಂದು ಕರವಸ್ತ್ರ ಹೊದಿಸಿದೆ. ಮಾವನೇ? ಬಿಚ್ಚಿದ ಅಂಗಿಯನ್ನು ಬಿದ್ದಲ್ಲೇ ಬಿಡುವ ಆಸಾಮಿ. ಇಷ್ಟು ಅಚ್ಚುಕಟ್ಟು ಈ ಮನೆಯಲ್ಲಿ ಒಬ್ಬರದೇ.

ಅಡುಗೆಮನೆ ಬಾಗಿಲಲ್ಲಿ ನಿಂತೆ. ಕೇಳಬೇಕಾಗಲಿಲ್ಲ.

"ಅದು ಹಾಕಿದ್ರೆ ಸದ್ದೇ ಇರಲ್ಲ ಕಣೇ," ಅಂದರು ಅತ್ತೆ. "ನಮ್ಮಮ್ಮನ ಪಕ್ಕದಲ್ಲೇ ಮಲಗಿದ್ದೆ. ಸದ್ದಿಲ್ದೆ ಹೋಗ್ಬಿಟ್ಟಳು. ಬೆಳಗ್ಗೆ ಮುಟ್ಟಿದ್ರೆ ಕೈ ತಣ್ಣಗೆ. ಇವರ ಗೊರಕೆ ಕೇಳಿದ್ರೆ ಇದ್ದಾರೆ ಅಂತ ಧೈರ್ಯ. ಆಗಲೇ ನಂಗೆ ನಿದ್ದೆ."

ಮಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ನನ್ನಿಂದ ಬೈಸಿಕೊಂಡರು. "ಅವಳ್ನ ಏನೂ ಅನ್ಬೇಡ" ಅಂದರು, ಅಷ್ಟೇ.

ಮಾರ್ಚ್ 16, ಭಾನುವಾರ

ಒಂದು ಉಪಾಯ ಹೊಳೆಯಿತು. ಮಾವನ ಮಧ್ಯಾಹ್ನದ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಮಾವನಿಗೆ ಮಾಸ್ಕ್, ಅತ್ತೆಯ ದಿಂಬಿನಡಿ ಫೋನ್. ನನ್ನ ಬುದ್ಧಿಗೆ ನಾನೇ ಬೀಗಿದೆ.

ಸಂಜೆ ಅತ್ತೆಗೆ ಕೇಳಿಸಿದೆ. ಬೀನ್ಸ್ ಹೆಚ್ಚುತ್ತಿದ್ದರು. ಮುಖ ಅರಳಿತು. "ಅಯ್ಯೋ, ಥೇಟ್ ಅವರೇ." ಆಮೇಲೆ ಗೊರಕೆ ನಿಂತಿತು. ಅತ್ತೆ ಕಾದರು. ನಾನೂ.

"ಫೋನ್ ಕೆಟ್ಟೋಯ್ತಾ?"

"ಇಲ್ಲ ಅತ್ತೆ. ಓಡ್ತಾ ಇದೆ."

ಚಾಕು ಕೆಳಗಿಟ್ಟರು. ಇನ್ನೂ ಸದ್ದಿಲ್ಲ. ಎದ್ದು ನಿಂತರು. ಆಗ ಫೋನಿನೊಳಗೆ ಮಾವ, ನೀರಲ್ಲಿ ಮುಳುಗಿದವರು ಮೇಲೆ ಬಂದಂತೆ, ಉಸಿರೆಳೆದುಕೊಂಡರು.

"ದಿನಾ... ಹೀಗೇನಾ?"

"ಡಾಕ್ಟರ್ ಹೇಳಿದ್ದು ಇದನ್ನೇ."

"ನಂಗೆ ಕೇಳ್ಸೇ ಇಲ್ವಲ್ಲೇ. ಗೊರಕೆ ಶುರುವಾದ್ರೆ ಸಾಕು, ಮಲ್ಗಿಬಿಡ್ತಿದ್ದೆ."

ಫೋನಲ್ಲಿ ಮತ್ತೆ ಹಾಕು ಅಂದರು. ನಾನು ಹಾಕಲಿಲ್ಲ. ಮಾಸ್ಕನ್ನು ಇವತ್ತು ಅತ್ತೆಯೇ ತೊಡಿಸಿದರು. ಫೋನ್ ಬೇಡ ಅಂದರು.

ಮಾರ್ಚ್ 19

ಮಾವನ ಮುಖದಲ್ಲಿ ಕಳೆ ಬಂದಿದೆ. ಅತ್ತೆಯ ಕಣ್ಣಡಿ ಕಪ್ಪು. ರಾತ್ರಿಯಿಡೀ ಎದ್ದು ಕೂತು ಅವರನ್ನೇ ನೋಡುತ್ತಾರಂತೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರನ್ನು... ಭಯವಾಗುತ್ತಿದೆ.

"ಮಾವನ ಎದೆ ಮೇಲೆ ಕೈ ಇಟ್ಕೊಂಡು ಮಲಗಿ ಅತ್ತೆ. ಉಸಿರಾಡೋದು ಗೊತ್ತಾಗತ್ತೆ."

"ಥೂ, ಈ ವಯಸ್ಸಲ್ಲಿ," ಅಂದರು.

ಮಾರ್ಚ್ 27, ಬೆಳಿಗ್ಗೆ

ಅತ್ತೆ ಎದ್ದಿಲ್ಲ. ಯಾವತ್ತೂ ನನಗಿಂತ ಮೊದಲು ಏಳುವವರು. ಬಾಗಿಲು ತಳ್ಳಿದೆ.

ಮೆಷಿನ್ ಸಣ್ಣಗೆ ಓಡುತ್ತಿದೆ. ಅತ್ತೆಯ ಅಂಗೈ ಮಾವನ ಎದೆಯ ಮೇಲೆ. ಗೊರಕೆ ಹೊಡೆಯುತ್ತಿದ್ದವರು ಅತ್ತೆ. ಮಾವ ಎಚ್ಚರವಾಗಿಯೇ ಇದ್ದರು, ಮಾಸ್ಕ್ ಹಾಕಿಕೊಂಡೇ, ಆ ಕೈ ಜಾರದ ಹಾಗೆ ಅಲ್ಲಾಡದೆ. ನನ್ನನ್ನು ನೋಡಿ ಒಂದು ಬೆರಳೆತ್ತಿದರು — ಎಬ್ಬಿಸಬೇಡ.

ಬಾಗಿಲು ಮುಂದೆ ಮಾಡಿ ಬಂದು ಕೂತೆ. ಕಣ್ಣು ತುಂಬಿ ಹರಿಯಿತು, ಒರೆಸಲಿಲ್ಲ. ಅಂಗಡಿಗೆ ತಡವಾಗುತ್ತದೆ, ಆಗಲಿ. ಕುಕ್ಕರ್ ಇಡುವಂತಿಲ್ಲ. ಸೀಟಿ ಹೊಡೆದರೆ —