ತುಳಸಿಯಿಂದ ಬಂದ ನುಸಿ

ಸೀಡರ್ ಪಾರ್ಕ್
ಫೆಬ್ರವರಿ 22, 2026, ಭಾನುವಾರ

ಮಗಳೇ ಶ್ರಾವಣಿ,

ಈ ಕಾಗದ ಕೈಗೆ ಸಿಗುವ ಹೊತ್ತಿಗೆ ನೀನು ಹೊಟ್ಟೆತುಂಬ ಉಂಡು ಕೂತಿರಬೇಕು, ದೇವರಲ್ಲಿ ಅಷ್ಟೇ ಕೇಳಿಕೊಂಡಿದ್ದೇನೆ. ನಿನಗೆ ಕನ್ನಡ ಓದುವುದು ನಿಧಾನವೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಫೋನ್ ನೀನು ಎತ್ತುತ್ತಿಲ್ಲ. ವಾಟ್ಸಾಪಿನಲ್ಲಿ ಹಾಕುವ ವಿಷಯ ಇದಲ್ಲ. ಗಾಂಜಾ ಗಿಡ ಬೆಳೆಸುವುದು ಈ ರಾಜ್ಯದಲ್ಲಿ ಅಪರಾಧವೆಂದು ನೀನೇ ಹೇಳಿದ್ದೆ.

ನಿಮ್ಮಪ್ಪನ ಹದಿಮೂರನೆಯ ದಿನದ ಕಾರ್ಯ ಮುಗಿಸಿ ಫಾರ್ಮರ್ಸ್ ಬ್ರಾಂಚಿನ ನಿನ್ನ ಮನೆಗೆ ಹೊರಟ ನೀನು ಕಾರಿನ ಕಿಟಕಿ ಇಳಿಸಿ ಇಂಗ್ಲಿಷಿನಲ್ಲಿ ಕೇಳಿದೆ: ಅಪ್ಪನ ಗಿಡಗಳನ್ನು ಬಿಸಾಡಿದ್ದು ನೀನೇ ತಾನೆ, ಅವರು ನೋವು ತಿಂದುಕೊಂಡೇ ಹೋಗಲಿ ಅಂತ ತಾನೆ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿ ಏರಿತು. ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಓದಿದ ಮೇಲೆ ಈ ಮನೆಗೆ ಬರುವುದು ಬಿಡುವುದು ನಿನ್ನಿಷ್ಟ.

ಬಿಸಾಡಿದ್ದು ನಾನೇ. ಆದರೆ ಕಾರಣ ನುಸಿ.

ನೀನು ನಾಲ್ಕು ಗಿಡವನ್ನೂ ಅವಕ್ಕೆ ಬೆಳಕು ಕೊಡುವ ದೀಪವನ್ನೂ ತಂದು ಗೆಸ್ಟ್ ರೂಮಿನ ಬಟ್ಟೆ ಇಡುವ ಕ್ಲಾಸೆಟ್ಟಿನಲ್ಲಿ ಇಟ್ಟ ದಿನ ನಾನು ಗೊಣಗಿದ್ದು ನಿಜ. ದೇವರ ಮನೆಯ ಗೋಡೆಗೆ ತಾಗಿಕೊಂಡು ಗಾಂಜಾನಾ ಎಂದೆ. ಆದರೆ ಅದರಿಂದ ನಿಮ್ಮಪ್ಪನಿಗೆ ನಿದ್ದೆ ಬಂತು, ಎರಡು ತುತ್ತು ಮೊಸರನ್ನ ಹೊಟ್ಟೆಯಲ್ಲಿ ನಿಂತಿತು. ಆಮೇಲೆ ನಾನೇ ನೀರು ಹಾಕಿದೆ.

ಡಿಸೆಂಬರಿನಲ್ಲಿ ಚಳಿ ಬೀಳುತ್ತದೆಂದು ಹೊರಗಿದ್ದ ತುಳಸಿ ಕುಂಡವನ್ನು ಒಳಗೆ ತಂದೆ. ಬೆಳಕು ಎಲ್ಲಿದೆ? ಆ ಕ್ಲಾಸೆಟ್ಟಿನಲ್ಲಿ. ಅಲ್ಲೇ ಇಟ್ಟೆ. ಎಲೆಯ ಮೇಲೆ ಸಣ್ಣ ಬಿಳಿ ಚುಕ್ಕಿ ಇತ್ತು, ಚಳಿಗೆ ಬಂದದ್ದೆಂದುಕೊಂಡೆ. ದಿನವೂ ಸ್ನಾನ ಮಾಡಿ ತುಳಸಿಗೆ ನೀರೆರೆದು, ಎಲೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಅದೇ ಕೈಯಲ್ಲಿ ಅಪ್ಪನ ಗಿಡಗಳನ್ನೂ ಸವರುತ್ತಿದ್ದೆ. ಎರಡು ವಾರದಲ್ಲಿ ಅವುಗಳ ಮೇಲೂ ಚುಕ್ಕಿ. ಸೂಜಿಯಲ್ಲಿ ಚುಚ್ಚಿದ ಹಾಗೆ, ಎಲೆಯೆಲ್ಲ ಬೂದಿ ಬಣ್ಣ.

ಹ್ಯೂಸ್ಟನ್ನಿನ ನೀಲಕಂಠಪ್ಪನವರು ಗೊತ್ತಲ್ಲ, ಧಾರವಾಡದಲ್ಲಿ ಕೃಷಿ ಓದಿ ಇಲ್ಲಿ ಗ್ಯಾಸ್ ಸ್ಟೇಷನ್ ನಡೆಸುವವರು. ಅವರಿಗೆ ಫೋನ್ ಮಾಡಿ ಬದನೆ ಗಿಡ ಎಂದು ಸುಳ್ಳು ಹೇಳಿದೆ. “ಅಕ್ಕಾರ, ಎಲಿ ಕೆಳಗ ಬಿಳಿ ಹಾಳಿ ಹಿಡದು ತಟ್ರಿ. ಬಿದ್ದ ಧೂಳು ನಡದಾಡಿದ್ರ ಅದು ಧೂಳಲ್ರಿ, ಜೇಡ ನುಸಿ” ಎಂದರು. ತಟ್ಟಿದೆ. ನಡೆದಾಡಿತು. ಫೋಟೋ ಕಳಿಸಿ ಎಂದರು, ಕಳಿಸಿದೆ. ಆಮೇಲೆ, “ಅಕ್ಕಾರ, ನಿಮ್ಮ ಬದನಿ ಎಲಿಗೆ ಬೆರಳು ಭಾಳ ಅದಾವ್ರಿ. ಫೋಟೋ ಅಳಿಸಿಬಿಡ್ರಿ” ಎಂದರು. ಯಾರಿಗೆ, ಯಾಕೆ ಎಂದು ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಅವರು ಹೇಳಿದಂತೆಯೇ ಮಾಡಿದೆ. ಕೆಟ್ಟ ಎಲೆ ಕಿತ್ತು ಚೀಲದಲ್ಲಿ ಕಟ್ಟಿದೆ. ನುಸಿ ಇರುವುದು ಎಲೆಯ ಅಡಿಯಲ್ಲಿ, ಅದಕ್ಕೇ ಕುಂಡಗಳನ್ನು ಬಾತ್‌ಟಬ್ಬಿನಲ್ಲಿಟ್ಟು ಅಡಿಯಿಂದಲೇ ಜೋರಾಗಿ ನೀರು ಹೊಡೆದು ತೊಳೆದೆ. ಮೊಟ್ಟೆ ಒಡೆದು ಮರಿ ಬರುತ್ತವೆಂದು ಮೂರು ದಿನಕ್ಕೊಮ್ಮೆ ತೊಳೆದೆ. ಹೂ ಬಿಡದ ಎರಡು ಗಿಡಕ್ಕೆ ಬೇವಿನೆಣ್ಣೆ, ಸೋಪಿನ ನೀರು. ಹೂ ಬಿಟ್ಟವಕ್ಕೆ ಎಣ್ಣೆ ಬೇಡ, ತಿನ್ನುವವರ ಹೊಟ್ಟೆಗೆ ಹೋಗುತ್ತದೆ ಎಂದಿದ್ದರು.

ಮೂರನೆಯ ಸಲ ತೊಳೆದಾಗ ಕಾಗದದ ಮೇಲೆ ಏನೂ ನಡೆದಾಡಲಿಲ್ಲ. ನಿಮ್ಮಪ್ಪ ಹಾಸಿಗೆಯಿಂದಲೇ, “ಡಾಕ್ಟರ್ ಕೋಕಿಲಾ, ಫೀಸೆಷ್ಟು?” ಎಂದರು. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಅದೇ. ಈ ಸಲ ತುದಿಯಲ್ಲಿ ಬಲೆಯೂ ಇತ್ತು.

ತಪ್ಪು ಎಲ್ಲಿತ್ತೆಂದು ನಿಮ್ಮಪ್ಪನಿಗೇ ಮೊದಲು ಹೊಳೆದದ್ದು. ತುಳಸಿಯ ಎಲೆ ತಿರುಗಿಸಿ ನೋಡೇ ಎಂದರು. ನೋಡಿದೆ. ಎಲ್ಲ ಅಲ್ಲಿಂದಲೇ ಬಂದಿತ್ತು. “ನಿನ್ನ ತುಳಸಮ್ಮನಿಗೂ ನನ್ನ ಗಿಡಕ್ಕೂ ಬೀಗತನ ಆಗೋಗಿದೆ ಕಣೇ” ಎಂದು ನಕ್ಕರು. ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕರು.

ತುಳಸಿಯನ್ನು ಹೊರಗಿಟ್ಟರೆ ಒಂದೇ ರಾತ್ರಿಯ ಚಳಿಗೆ ಸಾಯುತ್ತಿತ್ತು. ಒಳಗಿಟ್ಟರೆ ಸೋಪು ಹಾಕಿ ತೊಳೆಯಬೇಕು, ಎಲೆ ಕೀಳಬೇಕು. ಮೊದಲ ದಿನ ದ್ವಾದಶಿ, ಎಲೆ ಕೀಳುವಂತಿಲ್ಲ. ಮಾರನೆಯ ದಿನ ಬೇರೆ ಕಾರಣ. ಆಮೇಲೆ ಶುಕ್ರವಾರ. ಆಮೇಲೆ ಭಾನುವಾರ. ದಿನಕ್ಕೊಂದು ಕಾರಣ ಸಿಗುತ್ತಿತ್ತು, ಹುಡುಕುತ್ತಿದ್ದವಳು ನಾನೇ. ಪೂಜೆ ಮಾಡುವ ಗಿಡಕ್ಕೆ ಪಾತ್ರೆ ತೊಳೆಯುವ ಸೋಪು ಹಾಕಲು ಕೈ ಬರಲಿಲ್ಲ. ಬೇರೆ ರೂಮಿಗೆ ಒಯ್ದೆ, ಆದರೆ ಬೆಳಗಾದರೆ ಅದನ್ನು ಮುಟ್ಟಿದ ಕೈ ಇವನ್ನೂ ಮುಟ್ಟುತ್ತಿತ್ತು.

ಜನವರಿ ಎರಡನೆಯ ವಾರಕ್ಕೆ ನಾಲ್ಕು ಗಿಡಕ್ಕೂ ಬಲೆ ಕವಿದಿತ್ತು. ಮೊಗ್ಗೆಲ್ಲ ಬಲೆಯೊಳಗೆ, ಬಲೆಯ ತುಂಬ ನುಸಿ. ನಿಮ್ಮಪ್ಪ ನೋಡಿ, “ಸಾಕು, ಕಟ್ಟಿ ಹಾಕು” ಎಂದರು. ನನ್ನನ್ನು ಬೈಯಲಿಲ್ಲ. ಶ್ರಾವಣಿಗೆ ಹೇಳಬೇಡ, ಪಾಪ ಅಷ್ಟು ದೂರದಿಂದ ಹೊತ್ತು ತಂದಿದ್ದಳು ಎಂದರು. ಅದಕ್ಕೇ ನಿನಗೆ ಹೇಳಲಿಲ್ಲ. ಎರಡು ಕಪ್ಪು ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿದೆ. ಆಮೇಲೆ ಹದಿನೆಂಟು ದಿನ ಇದ್ದರು.

ಇದು ನಡೆದದ್ದು. ಈಗ ಮನೆ ಸ್ವಚ್ಛವಾಗಿದೆ. ಅಳು ಬರುವುದಿಲ್ಲ. ಬೆಳಗ್ಗೆ ಅವರ ಮಾತ್ರೆ ಡಬ್ಬಿಯಲ್ಲಿ ಆ ದಿನದ ಮುಚ್ಚಳ ತೆರೆಯುತ್ತೇನೆ, ಮುಚ್ಚುತ್ತೇನೆ. ಸಂಜೆ ದೀಪ ಹಚ್ಚುತ್ತೇನೆ. ಯಾವುದರ ಮೇಲೂ ಬೇಜಾರಿಲ್ಲ, ಖುಷಿಯೂ ಇಲ್ಲ. ನೀನು ಕೇಳಿದ್ದರ ಬಗ್ಗೆ ಸಿಟ್ಟೂ ಇಲ್ಲ.

ನಿನ್ನ ಅಮ್ಮ,
ಕೋಕಿಲಾ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ನುಸಿ ಹತ್ತುವ ಮೊದಲು ಅಪ್ಪನ ಗಿಡಗಳ ಹೂವನ್ನು ತುಪ್ಪದಲ್ಲಿ ಕಾಯಿಸಿ ಮದ್ದು ಮಾಡಿಟ್ಟಿದ್ದೆ. ಅರ್ಧ ಬಾಟಲಿ ಫ್ರೀಜರಿನಲ್ಲಿ ಉಳಿದಿತ್ತು. ಕೊನೆಯ ವಾರ ಅವರು ಮೂರು ಸಲ ಕೇಳಿದರು. ಮುಗಿದಿದೆ ಎಂದೆ. ಮನೆಗೆ ಬರುತ್ತಿದ್ದ ನರ್ಸಮ್ಮ ನಾಲಿಗೆಯಡಿ ಹಾಕುವ, ಮಂಪರು ಬರಿಸುವ ನೋವಿನ ಮದ್ದನ್ನು ತಡೆಯುವುದು ನನ್ನ ಕೈಲಿರಲಿಲ್ಲ, ಇದು ನನ್ನ ಕೈಲಿತ್ತು. ಪ್ರಾಣ ಹೋಗುವಾಗ ಬುದ್ಧಿ ಮಂಕಾಗಿರಬಾರದು, ಬಾಯಲ್ಲಿ ದೇವರ ಹೆಸರು ಬರಬೇಕು ಎಂದುಕೊಂಡೆ. ಕಿವಿಯಲ್ಲಿ ನಾರಾಯಣ ನಾರಾಯಣ ಎಂದು ಹೇಳುತ್ತಲೇ ಇದ್ದೆ. ಅವರು ಹೇಳಲಿಲ್ಲ. “ಸ್ವಲ್ಪಾನೂ ಇಲ್ವೇನೇ?” ಎಂದರು. ಅದೇ ಕೊನೆಯ ಮಾತು.